ಹೊಲಿಗೆಯ ಹೊತ್ತಿನ ಹಾಡು

ಕಂಡವರನ್ನೆಲ್ಲ ಮಲಗಿಸುವುದೇ ಉದ್ಯೋಗವಾಗಿದ್ದರೂ ಡಾಕ್ಟರಮ್ಮನಿಗೆ ತಾನು ಕಣ್ತುಂಬ ಮಲಗಿದ್ದು ಯಾವಾಗ ಎಂಬುದು ನೆನಪಿರಲಿಲ್ಲ. ಗಂಡ ಸರ್ಜನ್, ಇವಳು ಅರಿವಳಿಕೆ ಕೊಡುವವಳು. ಇಬ್ಬರೂ ಸೇರಿ ಕಟ್ಟಿದ ಸಣ್ಣ ಆಸ್ಪತ್ರೆ. ಒಂದೇ ಮನೆಯಲ್ಲಿ ಉಂಡು, ಒಂದೇ ಕಾರಿನಲ್ಲಿ ಬಂದು, ಒಂದೇ ಮೇಜಿನ ಪಕ್ಕ ನಿಂತು ಸಂಸಾರ ಮಾಡಿದವರು ಅವರು. ಆ ಮೇಜಿನ ಮೇಲೆ ಯಾವಾಗಲೂ ಮೂರನೆಯವರೊಬ್ಬರು ಮಲಗಿರುತ್ತಿದ್ದರು ಅಷ್ಟೆ. ನಡುವೆ ಹಸಿರು ಬಟ್ಟೆಯ ಅಡ್ಡ ಪರದೆ. ಅತ್ತ ಹೊಟ್ಟೆ ಅವರದು, ಇತ್ತ ತಲೆ ಇವಳದು. ಬೇರೆ ಗಂಡ ಹೆಂಡಿರು ಮನೆಯಲ್ಲಿ ಜಗಳವಾಡಿ ಆಫೀಸಿಗೆ ಹೋಗಿ ಉಸಿರು ಬಿಡುತ್ತಾರೆ, ನಮಗೆ ಆ ಭಾಗ್ಯವೂ ಇಲ್ಲ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಈಚೆಗೆ ತಮಾಷೆಗೂ ತ್ರಾಣ ಉಳಿದಿರಲಿಲ್ಲ. ಮಂಡಿ ನೋವು, ಬೆನ್ನು ನೋವು, ಅದೇ ಉರುಟು ಸ್ಟೂಲು, ಅದೇ ಟಿಣ್ ಟಿಣ್ ಎನ್ನುವ ಯಂತ್ರ, ಅದೇ ಔಷಧದ ವಾಸನೆ. ಇದೆಲ್ಲದರ ಮೇಲೆ ಯಾರಿಗೂ ಹೇಳಲಾಗದ ಒಂದು ಹೆದರಿಕೆ ಬೇರೆ ಬಂದು ಕೂತಿತ್ತು: ಗಂಡನ ಕೈಯಿಂದ ಚಾಕು ಕೆಳಗಿಡಿಸುವ ಕಾಲ ಬಂದಿದೆ, ಯಾರ ಜೀವವಾದರೂ ಹೋಗುವ ಮೊದಲೇ ಅದನ್ನು ಅವರಿಗೆ ಹೇಳಬೇಕಾದವಳು ತಾನು.

ಆ ಆಪರೇಷನ್ ಥಿಯೇಟರಿನಲ್ಲಿ ಹಾಡಿನದೊಂದು ಕಟ್ಟಳೆ ಇತ್ತು. ಎಷ್ಟೋ ಸರ್ಜನ್ನರು ಬ್ಲೇಡು ಎತ್ತುವ ಮೊದಲೇ ಹಾಡು ಹಾಕಿಸಿಕೊಳ್ಳುತ್ತಾರೆ. ಇವರು ಹಾಗಲ್ಲ. ಕಷ್ಟದ ಕೆಲಸ ಮುಗಿಯುವವರೆಗೆ ಕೋಣೆಯಲ್ಲಿ ಒಂದು ಸದ್ದು ಆಗಕೂಡದು. ಚಿಮುಟ ಕೆಳಗೆ ಬಿದ್ದರೂ ಬೈಗುಳ, ಯಾರಾದರೂ ಕೆಮ್ಮಿದರೂ ಕೆಂಗಣ್ಣು. ರಕ್ತನಾಳವನ್ನು ಹಿಡಿದು, ರೇಷ್ಮೆ ದಾರದಿಂದ ಒಂದು ಸಲ ಕಟ್ಟಿ, ಅದರ ಪಕ್ಕದಲ್ಲೇ ಇನ್ನೊಂದು ಸಲ ಕಟ್ಟಿ, ನೀರು ಹಾಕಿ ತೊಳೆದು, ನೀರು ತಿಳಿಯಾಗಿ ಬಂದಿದ್ದನ್ನು ನೋಡಿ, ಮೂಲೆ ಮೂಲೆಗೂ ಕಣ್ಣು ಹಾಯಿಸಿ, ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ ಒಂದೇ ಒಂದು ಮಾತು ಹೇಳುತ್ತಿದ್ದರು. "ಹಾಡು."

ಕಿರಿ ಸಿಸ್ಟರ್ ಕಿಟಕಿಯ ಕಟ್ಟೆಯ ಮೇಲಿದ್ದ ಸಣ್ಣ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದಳು. ಹಳೆಯ ಹಾಡುಗಳು ಒಂದಾದ ಮೇಲೊಂದು ಬರುತ್ತಿದ್ದವು. ಸರ್ಜನ್ ಹೊಲಿಯುತ್ತ ಜೊತೆಗೆ ಹಾಡುತ್ತಿದ್ದರು. ಶ್ರುತಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಆ ಹೊತ್ತಿನಲ್ಲಿ ಅವರ ಕೈ ಓಡುವುದನ್ನು ನೋಡಬೇಕು, ಅಷ್ಟು ಚಂದ.

ಆ ಒಂದು ಮಾತು ಬಂತೆಂದರೆ ಇಡೀ ಕೋಣೆಯ ಮೈ ಸಡಿಲವಾಗುತ್ತಿತ್ತು. ಹಿರಿ ಸಿಸ್ಟರ್ ಬಟ್ಟೆ ತುಂಡು, ಸೂಜಿಗಳನ್ನು ಎಣಿಸಲು ತೊಡಗುತ್ತಿದ್ದಳು. ಸರ್ಜನ್ನರ ಎದುರಿಗೆ ನಿಂತು ಗಾಯದ ಅಂಚು ಹಿಡಿಯುವ ಕಿರಿಯ ಡಾಕ್ಟರು ಕತ್ತು ಲಟಲಟ ಮುರಿದುಕೊಳ್ಳುತ್ತಿದ್ದ. ಅವನು ಸರ್ಜನ್ನರ ತಂಗಿಯ ಮಗ. ಹೊರಗೆ ಮಾವ, ಅತ್ತೆ ಎನ್ನುವವನು ಒಳಗೆ ಬಂದರೆ ಸರ್, ಮೇಡಂ. ಬಾಗಿಲಾಚೆ ಬೆಂಚಿನ ಮೇಲೆ ಕೂತ ರೋಗಿಯ ಮನೆಯವರಿಗೆ ಆಯಾ ಮೊದಲೇ ಹೇಳಿರುತ್ತಿದ್ದಳು: "ಒಳಗಿಂದ ಹಾಡು ಕೇಳಿಸ್ತು ಅಂದ್ರೆ ಗಂಡಾಂತರ ಕಳೀತು ಅಂತ ತಿಳ್ಕೊಳ್ಳಿ." ಅವರು ಬಾಗಿಲಿಗೆ ಕಿವಿ ಕೊಟ್ಟು ಕಾಯುತ್ತಿದ್ದರು. ಡಾಕ್ಟರಮ್ಮನ ಕೈ ಮಾತ್ರ ತನ್ನಷ್ಟಕ್ಕೆ ಅರಿವಳಿಕೆ ಗ್ಯಾಸಿನ ಗುಂಡಿಗೆ ಹೋಗಿ ಅದನ್ನು ಸ್ವಲ್ಪ ಇಳಿಸುತ್ತಿತ್ತು. ಇನ್ನೇನು ಎಬ್ಬಿಸುವ ಹೊತ್ತು. ಈ ಅಭ್ಯಾಸ ಎಷ್ಟು ಬೇರೂರಿತ್ತೆಂದರೆ, ನೆಂಟರ ಮದುವೆಯೊಂದರಲ್ಲಿ ಆ ಹಾಡುಗಳಲ್ಲೊಂದು ಕೇಳಿಸಿದಾಗ ಅವಳ ಬಲಗೈ ತಟ್ಟೆ ಬಿಟ್ಟು ಗಾಳಿಯಲ್ಲಿ ಗುಂಡಿ ತಿರುಗಿಸಿತ್ತು. ಪಕ್ಕದಲ್ಲಿ ಉಣ್ಣುತ್ತಿದ್ದ ವಾರಗಿತ್ತಿ, "ಏನಕ್ಕ, ಯಾರನ್ನ ಎಬ್ಬಿಸ್ತಿದ್ದೀಯ?" ಎಂದು ನಕ್ಕಿದ್ದಳು.

ಸೋದರಳಿಯನಿಗೆ ಓದುವ ಹುಚ್ಚು. ಚಹಾ ಕುಡಿಯುವಾಗ ಏನಾದರೊಂದು ತೆಗೆಯುತ್ತಿದ್ದ. "ಅತ್ತೆ, ಹಾಡು ಹಾಕಿದ್ರೆ ಸರ್ಜನ್ ಕೈ ಚುರುಕಾಗುತ್ತೆ ಅಂತ ಕೆಲವರು ಬರೀತಾರೆ. ಗೊತ್ತಿರೋ ಹಾಡು, ಇಷ್ಟದ ಹಾಡು ಆದ್ರೆ ಹೊಲಿಗೆ ಇನ್ನೂ ನೀಟು. ಇನ್ನು ಕೆಲವರು ಬೇಡವೇ ಬೇಡ ಅಂತಾರೆ, ಮಾತು ಕಿವಿಗೆ ಬೀಳಲ್ಲ ಅಂತ."

"ಸರ್ಜನ್ನರ ಕೈ ಅಳೆಯೋಕೆ ಎಷ್ಟು ಜನ ನೋಡು," ಎಂದಿದ್ದಳು ಡಾಕ್ಟರಮ್ಮ. "ತಲೆ ಹತ್ರ ಕೂತಿರೋಳು ಎಚ್ಚರ ಇದ್ದಾಳೋ ತೂಕಡಿಸ್ತಿದ್ದಾಳೋ ಅಂತ ಕೇಳೋರು ಯಾರಾದ್ರೂ ಇದ್ದಾರಾ?"

ಸರ್ಜನ್ ಜೋರಾಗಿ ನಕ್ಕು, ಚಹಾಕ್ಕೆ ಸಕ್ಕರೆ ಹಾಕಿಕೊಂಡರು. ಈಗಷ್ಟೇ ಒಂದು ಸಲ ಹಾಕಿಕೊಂಡಿದ್ದರು. ಡಾಕ್ಟರಮ್ಮ ನೋಡಿದಳು, ಸುಮ್ಮನಾದಳು.

ಸುಮ್ಮನಾಗಿದ್ದು ಅದೇ ಮೊದಲ ಸಲವೇನಲ್ಲ. ಕಾರು ತಮ್ಮ ಮನೆಯ ಗೇಟು ದಾಟಿ ಮುಂದೆ ಹೋಗಿದ್ದಾಗಲೂ ಅವಳು, "ಇಲ್ಲೇ ರೀ," ಎಂದು ಮೆಲ್ಲಗೆ ಹೇಳಿ ಸುಮ್ಮನಾಗಿದ್ದಳು. ಬೆಳಿಗ್ಗೆ ಕೇಳಿದ್ದನ್ನೇ ಮಧ್ಯಾಹ್ನ ಕೇಳಿದಾಗ ಇನ್ನೊಮ್ಮೆ ಉತ್ತರ ಕೊಟ್ಟಿದ್ದಳು. ವಯಸ್ಸಾಯಿತು, ಕೆಲಸ ಜಾಸ್ತಿ, ನನಗೂ ಕನ್ನಡಕ ಎಲ್ಲಿಟ್ಟೆ ಅಂತ ಮರೆಯುತ್ತದೆ ಎಂದು ತನಗೆ ತಾನೇ ತೇಪೆ ಹಾಕಿಕೊಂಡಿದ್ದಳು. ಚಾಕು ಹಿಡಿದರೆ ಮಾತ್ರ ಅವರು ಮೊದಲಿನ ಹಾಗೇ ಇದ್ದರಲ್ಲ! ಕೈ ನಡುಗುತ್ತಿರಲಿಲ್ಲ, ಕಣ್ಣು ಸೋಲುತ್ತಿರಲಿಲ್ಲ. ಸಣ್ಣ ತೂತಿನಿಂದ ತೆಗೆಯಲಾಗದೆ ಅಂಟಿಕೊಂಡು ಕೂತ ಪಿತ್ತಕೋಶಗಳು ಊರಿನ ಬೇರೆ ಆಸ್ಪತ್ರೆಗಳಿಂದ ಈಗಲೂ ಇವರ ಹತ್ತಿರವೇ ಬರುತ್ತಿದ್ದವು. ಆಪರೇಷನ್ ಮೇಜಿನವರೆಗೆ ಮರೆವು ಬರುವುದಿಲ್ಲ ಎಂದು ಅವಳು ನಂಬಿದ್ದಳು. ನಂಬಿದ್ದಳು ಎನ್ನುವುದಕ್ಕಿಂತ, ನಂಬದೆ ಇರಲು ಬೇಕಾದ ಶಕ್ತಿ ಅವಳಲ್ಲಿ ಇರಲಿಲ್ಲ.

ಬಸ್ ಡ್ರೈವರ್ ಬಂದದ್ದು ಅಂಥದೇ ಒಂದು ಪಿತ್ತಕೋಶ ಹೊತ್ತುಕೊಂಡು. ಅಗಲ ಎದೆಯ, ಗಟ್ಟಿ ಗಂಟಲಿನ ಆಳು. ಮಲಗಿಸುವ ಮುಂಚೆ, "ಮೇಡಂ, ನಾನು ಸ್ಟೇರಿಂಗ್ ಬಿಟ್ಟು ಮಲಗಿದ್ದೇ ಇಲ್ಲ. ಸರಿಯಾಗಿ ನೋಡ್ಕೊಳ್ಳಿ," ಎಂದಿದ್ದ. "ನೀವು ಮಲಗಿ, ಗಾಡಿ ನಾವು ಓಡಿಸ್ತೀವಿ," ಎಂದು ಅವಳು ಸೂಜಿ ಹಾಕಿದ್ದಳು.

ಕೆಲಸ ಕಷ್ಟದ್ದೇ ಆಯಿತು. ಪಿತ್ತಕೋಶ ಯಕೃತ್ತಿಗೆ ಮೆತ್ತಿಕೊಂಡು ಕೂತಿತ್ತು. ಕೋಣೆಯಲ್ಲಿ ಪಿಟಕ್ಕೆನ್ನುವವರಿಲ್ಲ. ಸರ್ಜನ್ನರ ಹಣೆಯ ಬೆವರನ್ನು ಕಿರಿ ಸಿಸ್ಟರ್ ಮತ್ತೆ ಮತ್ತೆ ಒರೆಸುತ್ತಿದ್ದಳು. ಕಡೆಗೂ ಅದು ಕಿತ್ತು ಬಂತು, ಬಟ್ಟಲಿಗೆ ಬಿತ್ತು. ಸರ್ಜನ್ ಬೆನ್ನು ನೆಟ್ಟಗೆ ಮಾಡಿ, "ಹಾಡು," ಎಂದರು.

ಹಾಡು ಬಂತು. ಡಾಕ್ಟರಮ್ಮನ ಕೈ ಗ್ಯಾಸು ಇಳಿಸಿತು. ಬಾಗಿಲಾಚೆ ಡ್ರೈವರನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಆಯಾಳ ಕೈ ಹಿಡಿದುಕೊಂಡಳಂತೆ.

ಸ್ವಲ್ಪ ಹೊತ್ತಿಗೆ ಟಿಣ್ ಟಿಣ್ ಚುರುಕಾಯಿತು. ನಾಡಿ ಏರುತ್ತಿದೆ. ಡಾಕ್ಟರಮ್ಮನಿಗೆ ಅಚ್ಚರಿ ಆಗಲಿಲ್ಲ. ಗ್ಯಾಸು ಇಳಿಸಿದ್ದೇನೆ, ಮನುಷ್ಯ ಎಚ್ಚರದ ಕಡೆಗೆ ಬರುತ್ತಿದ್ದಾನೆ, ಹೊಲಿಗೆಯ ನೋವು ತಟ್ಟುತ್ತಿದೆ, ಹಾಡಿನ ಹೊತ್ತಿನಲ್ಲಿ ನಾಡಿ ಏರಿದರೆ ಅದರ ಅರ್ಥ ಅಷ್ಟೇ. ನೋವಿಗೆ ಇನ್ನೊಂದಿಷ್ಟು ಔಷಧ ಕೊಟ್ಟಳು. ನಾಡಿ ಇಳಿಯಲಿಲ್ಲ. ಬಿಪಿ ನೋಡಿದಳು, ಕಡಿಮೆ ತೋರಿಸಿತು. ಸೋದರಳಿಯ ರೋಗಿಯ ತೋಳಿಗೆ ಒರಗಿ ನಿಂತಿದ್ದಾನೆ, ಪಟ್ಟಿ ಒತ್ತಿಕೊಂಡಿದೆ, ಅದಕ್ಕೇ ಸುಳ್ಳು ಹೇಳುತ್ತಿದೆ ಎಂದುಕೊಂಡಳು. "ಸ್ವಲ್ಪ ಈಚೆ ನಿಂತ್ಕೋಪ್ಪ," ಎಂದಳು. ಅವನು ಸರಿದ. ಯಂತ್ರ ಮತ್ತೆ ಅಳೆಯಿತು. ಇನ್ನೂ ಕಡಿಮೆ. ಪರದೆಯಾಚೆ ಗಂಡ ಹಾಡಿನ ಚರಣಕ್ಕೆ ತಪ್ಪು ರಾಗ ಸೇರಿಸುತ್ತಿದ್ದರು. ಅವಳು ಬಗ್ಗಿ ಡ್ರೈವರನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇರಲಿಲ್ಲ, ಸುಣ್ಣದ ಹಾಗೆ ಬಿಳಿ.

"ರೀ, ನಿಲ್ಲಿಸಿ! ಹಾಡು ನಿಲ್ಲಿಸಿ! ಹೊಟ್ಟೆ ಬಿಚ್ಚಿ, ಒಳಗೆ ರಕ್ತ ಹೋಗ್ತಿದೆ."

ಥಿಯೇಟರಿನಲ್ಲಿ ಅವಳು ಅವರನ್ನು "ರೀ" ಎಂದದ್ದು ಅದೇ ಮೊದಲು. ಹಾಡು ಅರ್ಧಕ್ಕೆ ನಿಂತಿತು. ಹಾಕಿದ್ದ ಹೊಲಿಗೆಯನ್ನೆಲ್ಲ ಕತ್ತರಿಸಿ ತೆರೆದರೆ ಹೊಟ್ಟೆಯೊಳಗೆ ಕೊಳ ಕಟ್ಟಿತ್ತು. ಸರ್ಜನ್ ಕೈ ಹಾಕಿ, ಕಾಣದೆಯೇ ತಡಕಿ, ಚಿಮ್ಮುತ್ತಿದ್ದ ನಾಳವನ್ನು ಬೆರಳಲ್ಲೇ ಹಿಡಿದರು. ಆ ಹಿಡಿತಕ್ಕೆ ಮಾತ್ರ ಯಾರೂ ಹೆಸರಿಡುವ ಹಾಗಿರಲಿಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ರಕ್ತ ತರಿಸಿ ಏರಿಸಿದರು, ಮತ್ತೆ ಕಟ್ಟಿದರು, ಕಾದರು. ಡ್ರೈವರ್ ಬದುಕಿದ. ಹೊರಗೆ ಅವನ ಹೆಂಡತಿ, ಹಾಡು ನಿಂತಿದ್ದನ್ನು ಕೇಳಿ, ನೆಲಕ್ಕೆ ಕುಸಿದು ಕೂತವಳು ಮತ್ತೆ ಎದ್ದದ್ದು ಡಾಕ್ಟರಮ್ಮನೇ ಹೋಗಿ ಭುಜ ಹಿಡಿದು ಎಬ್ಬಿಸಿದ ಮೇಲೆ.

"ದಾರ ಸರಿ ಇಲ್ಲ," ಎಂದರು ಸರ್ಜನ್ ಕೈ ತೊಳೆಯುತ್ತ. "ಗಂಟು ಜಾರಿದೆ. ಈ ದಾರ ಬೇಡ ಅಂತ ಮೊದಲೇ ಹೇಳಿದ್ದೆ."

ಗಂಟು ಜಾರುವುದು ನಿಜ, ಯಾರ ಕೈಯಲ್ಲಾದರೂ ಜಾರಬಹುದು. ಅದಕ್ಕೇ ಅಲ್ಲವೇ ಎರಡು ಸಲ ಕಟ್ಟುವುದು?

ಹಿರಿ ಸಿಸ್ಟರ್ ಸಂಜೆ ಡಾಕ್ಟರಮ್ಮನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಕೂರು ಎಂದರೂ ಕೂರಲಿಲ್ಲ. "ಎರಡನೇ ದಾರ ನನ್ನ ಕೈಯಲ್ಲೇ ಇತ್ತು ಮೇಡಂ. ಮುಂದೆ ಹಿಡಿದೆ. ಸರ್ ತಗೊಳ್ಳಲಿಲ್ಲ. ಹಾಡು ಅಂದ್ಬಿಟ್ರು. ಹಾಡು ಅಂದ್ಮೇಲೆ ಎಲ್ಲ ಸರಿ ಇರುತ್ತೆ ಅಂತ ನಾನೂ ದಾರ ಒಳಗಿಟ್ಟೆ. ಎಷ್ಟು ವರ್ಷದಿಂದ ಜೊತೇಲಿದ್ದೀನಿ, ಒಂದು ಮಾತು ಕೇಳಬಹುದಿತ್ತು. ಬಾಯೇ ಬರಲಿಲ್ಲ." ಅವಳು ಅಳಲು ತೊಡಗಿದಳು.

"ನೀನೊಬ್ಬಳೇ ಅಲ್ಲ," ಎಂದಳು ಡಾಕ್ಟರಮ್ಮ. "ಅವನಿಗೆ ಒಳಗೆ ರಕ್ತ ಹೋಗ್ತಿತ್ತು, ನಾನು ನೋವಿನ ಔಷಧಿ ಕೊಡ್ತಾ ಕೂತಿದ್ದೆ."

ಅದು ಬರಿಯ ಸಮಾಧಾನದ ಮಾತಾಗಿರಲಿಲ್ಲ. ಅದನ್ನು ನೆನೆಸಿಕೊಂಡರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಏರುವ ನಾಡಿಯನ್ನು ಕಂಡರೆ ಮೊದಲು ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು ಎಂಬುದನ್ನು ಕಲಿಯುವ ಮಕ್ಕಳೂ ಬಲ್ಲರು. ಅವಳು ಬಲ್ಲಳು, ಆದರೆ ಹಾಡು ಕೇಳಿಸುತ್ತಿತ್ತಲ್ಲ! ನಾಡಿ ಒಂದು ಹೇಳುತ್ತಿತ್ತು, ಹಾಡು ಇನ್ನೊಂದು ಹೇಳುತ್ತಿತ್ತು. ಅವಳು ಹಾಡನ್ನು ನಂಬಿದಳು. ಹಾಡನ್ನು ನಂಬಿದಳು ಎಂದರೆ ಗಂಡನನ್ನು ನಂಬಿದಳು. ಅಷ್ಟು ವರ್ಷ ಆ ನಂಬಿಕೆ ಒಂದು ದಿನವೂ ಕೈ ಕೊಟ್ಟಿರಲಿಲ್ಲ.

ಸೋದರಳಿಯ ಮಾರನೆಯ ದಿನ ಮೆಟ್ಟಿಲ ಬಳಿ ಹಿಡಿದುಕೊಂಡ. "ಅತ್ತೆ, ನೀವೇ ಹೇಳಬೇಕು. ನಾನು ಹೇಳಿದ್ರೆ ಕುರ್ಚಿ ಮೇಲೆ ಕಣ್ಣು ಹಾಕಿದ್ದಾನೆ ಅಂತಾರೆ. ನನಗೆ ಕೆಲಸ ಕಲಿಸಿದ ಕೈ ಅದು. ನನ್ನ ಬಾಯಲ್ಲಿ ಆ ಮಾತು ಬರಲ್ಲ."

"ಹೇಳ್ತೀನಪ್ಪ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ."

ಹೇಳುವುದು ಬಾಯಿ ಮಾತಲ್ಲ. ಸ್ನಾನ ಮಾಡುವಾಗ ಅವಳು ಮಾತುಗಳನ್ನು ಜೋಡಿಸಿಕೊಂಡಳು. ತಿಂಡಿಗೆ ಕೂತಾಗ ಅವು ಚದುರಿ ಹೋದವು. ಎದುರಿಗೆ ಅವರು ಪೇಪರ್ ಮಡಿಸಿ ಇಟ್ಟು, ಕೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚುತ್ತಿದ್ದರು. ಆಪರೇಷನ್ ಇದ್ದ ದಿನ ಅವರು ಹಾಗೆ ಮಾಡುವುದು ರೂಢಿ. ಅವತ್ತು ಆಪರೇಷನ್ ಇರಲಿಲ್ಲ. ಅವಳು ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಕಾರಿನಲ್ಲಿ ಇನ್ನೊಂದು ಸಲ ಪ್ರಯತ್ನಪಟ್ಟಳು. ಅವರೇ ಮಾತು ತೆಗೆದಿದ್ದರು. "ದಾರದ ಕಂಪನಿ ಬದಲಾಯಿಸಿಬಿಟ್ಟೆ. ಇನ್ನು ತೊಂದರೆ ಇಲ್ಲ."

"ದಾರದ್ದಲ್ಲ ರೀ."

"ಮತ್ತೆ?"

ಮುಂದೆ ಹಸಿರು ದೀಪ ಬಂತು. ಹಿಂದಿನವನು ಹಾರನ್ ಒತ್ತಿದ. ಅವರು ಕಾರು ಮುಂದೆ ಬಿಟ್ಟರು. ಅಷ್ಟರಲ್ಲಿ ಅವಳ ಧೈರ್ಯ ಇಳಿದಿತ್ತು. "ನನಗೆ ತುಂಬ ಸುಸ್ತಾಗಿದೆ," ಎಂದಳು. "ಸ್ವಲ್ಪ ದಿನ ಇಬ್ಬರೂ ಕೆಲಸ ನಿಲ್ಲಿಸೋಣ್ವಾ? ಎಲ್ಲಾದರೂ ಹೋಗಿ ಬರೋಣ. ಆಸ್ಪತ್ರೆನ ನಿಮ್ಮ ತಂಗಿ ಮಗ ನೋಡ್ಕೋತಾನೆ."

"ನಿನಗೆ ಸುಸ್ತಾಗಿದ್ರೆ ನೀನು ರೆಸ್ಟ್ ತಗೋ," ಎಂದರು ಅವರು ಪ್ರೀತಿಯಿಂದಲೇ. "ಬೇರೆ ಯಾರನ್ನಾದ್ರೂ ಅರಿವಳಿಕೆಗೆ ಕರೆಸ್ತೀನಿ. ನಾನು ನಿಲ್ಲಿಸಿಬಿಟ್ರೆ ಏನು ಮಾಡಲಿ ಹೇಳು? ನನಗೆ ಬರೋದು ಅದೊಂದೇ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬೇರೆಯವರು ಬಂದರೆ ಅವರಿಗೆ ಏನು ಗೊತ್ತಿರುತ್ತದೆ? ಈ ಮನುಷ್ಯನನ್ನು ಇನ್ನು ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂದು ಬಂದವರಿಗೆ ಯಾರು ಹೇಳುತ್ತಾರೆ? ತಾನು ಇರಲೇಬೇಕು. ತಾನು ಇದ್ದು ನೋಡಿಕೊಂಡರೆ ಸಾಕು, ಹೇಳುವ ಅಗತ್ಯವೇ ಬೀಳುವುದಿಲ್ಲ. ಹೀಗೆ ಅವಳು ಕಷ್ಟದ ಮಾತನ್ನು ಸುಲಭದ ಕಾವಲಿಗೆ ಬದಲಾಯಿಸಿಕೊಂಡಳು. ದಣಿದ ಜೀವ ಮಾಡುವ ಲೆಕ್ಕಾಚಾರವೇ ಹಾಗೆ, ಇವತ್ತಿನದು ನೀಗಿದರೆ ಸಾಕು ಎಂದು ನಾಳೆಯ ಮೇಲೆ ಹೊರೆ ಹಾಕುತ್ತದೆ.

ಮುಂದಿನ ವಾರ ಶಾಲೆಯ ಲೆಕ್ಕದ ಟೀಚರೊಬ್ಬಳು ಬಂದಳು. ಅದೇ ಪಿತ್ತಕೋಶ, ಅದೇ ಕಲ್ಲು. ಮೊದಲು ಸಣ್ಣ ತೂತಿನಿಂದ ತೆಗೆಯಲು ಹೋಗಿ ಇನ್ನೊಂದು ಆಸ್ಪತ್ರೆಯವರು ಕೈ ಬಿಟ್ಟಿದ್ದರು. ಅವಳ ವಯಸ್ಸಾದ ತಾಯಿ ಬಾಗಿಲಾಚೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಆಯಾ ಎಂದಿನಂತೆ ಹಾಡಿನ ವಿಷಯ ಹೇಳಿ ಸಮಾಧಾನ ಮಾಡಿದ್ದಳು.

ಡಾಕ್ಟರಮ್ಮ ಆ ದಿನ ಸ್ಟೂಲಿನ ಮೇಲೆ ಕೂರಲೇ ಇಲ್ಲ. ಮಂಡಿ ಕಿರುಗುಟ್ಟುತ್ತಿದ್ದರೂ ನಿಂತೇ ಇದ್ದಳು, ಪರದೆಯ ಮೇಲಿಂದ ಕತ್ತು ಚಾಚಿ ನೋಡುತ್ತಿದ್ದಳು. ಸರ್ಜನ್ನರ ಕೈ ಎಂದಿನಂತೆ ಓಡಿತು, ಎಂದಿಗಿಂತ ಚೆನ್ನಾಗಿಯೇ ಓಡಿತು. ನಾಳವನ್ನು ಬಿಡಿಸಿದರು. ಒಂದು ಸಲ ಕಟ್ಟಿದರು. ಹಿರಿ ಸಿಸ್ಟರ್ ಮುಂದೆ ಹಿಡಿದ ಎರಡನೇ ದಾರ ತೆಗೆದುಕೊಂಡು ಇನ್ನೊಂದು ಸಲ ಕಟ್ಟಿದರು. ಪಿತ್ತಕೋಶವನ್ನು ಬಿಡಿಸಿ ತೆಗೆದರು. ನೀರು ಹಾಕಿ ತೊಳೆದರು. ನೀರು ತಿಳಿಯಾಗಿ ಬಂತು. ಮೂಲೆಗಳನ್ನೆಲ್ಲ ನೋಡಿದರು. ಬೆನ್ನು ನೆಟ್ಟಗೆ ಮಾಡಿದರು.

"ಹಾಡು."

ಕಿರಿ ಸಿಸ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು. ಕೈ ಎತ್ತಲಿಲ್ಲ. ಅವಳ ಕಣ್ಣು ಡಾಕ್ಟರಮ್ಮನ ಮೇಲಿತ್ತು. ಹಿರಿ ಸಿಸ್ಟರ್ ಎಣಿಸಲು ತೊಡಗಲಿಲ್ಲ. ಇನ್ನೊಂದು ದಾರವನ್ನು ಎಳೆದು ಸಿದ್ಧವಾಗಿ ಹಿಡಿದಿದ್ದಳು. ಸೋದರಳಿಯ ಗಾಯದ ಅಂಚನ್ನು ಇನ್ನಷ್ಟು ಅಗಲಕ್ಕೆ ಎಳೆದು, ತಲೆ ತಗ್ಗಿಸಿ ಒಳಗೆ ನೋಡುತ್ತಿದ್ದ. ಡಾಕ್ಟರಮ್ಮನ ಕೈ ಗ್ಯಾಸಿನ ಗುಂಡಿಯ ಮೇಲಿತ್ತು, ಆದರೆ ಅದು ತಿರುಗಲಿಲ್ಲ. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಯಾರಿಗೂ ಧಿಕ್ಕಾರದ ಉದ್ದೇಶವಿರಲಿಲ್ಲ. ಎಲ್ಲರಿಗೂ ಭಯ, ಅಷ್ಟೆ.

"ಕೇಳಿಸ್ಲಿಲ್ವಾ? ಹಾಡು ಅಂದೆ."

ಟಿಣ್ ಟಿಣ್ ಒಂದೇ ಸಮ ನಡೆಯುತ್ತಿತ್ತು. ಸರ್ಜನ್ ತಲೆ ಎತ್ತಿದರು. ಮುಖಗಳಿಗೆಲ್ಲ ಮುಸುಕು, ಕಾಣುವುದು ಕಣ್ಣು ಮಾತ್ರ. ಕಿರಿ ಸಿಸ್ಟರ್ ಕಡೆ ನೋಡಿದರು, ಅವಳು ರೆಪ್ಪೆ ಇಳಿಸಿದಳು. ಹಿರಿ ಸಿಸ್ಟರ್ ಕೈಯ ದಾರವನ್ನು ನೋಡಿದರು. ಸೋದರಳಿಯನ ತಗ್ಗಿದ ತಲೆ ನೋಡಿದರು. ಕೊನೆಗೆ ಪರದೆಯ ಮೇಲಿಂದ ಹೆಂಡತಿಯನ್ನು ನೋಡಿದರು. ಅವಳು ಕಣ್ಣು ತಪ್ಪಿಸಬೇಕೆಂದುಕೊಂಡಳು, ಆಗಲಿಲ್ಲ. ಮಾತಿನಲ್ಲಿ ಹೇಳಲಾಗದ್ದೆಲ್ಲ ಆ ಒಂದು ನೋಟದಲ್ಲಿ ಹೋಗಿಬಿಟ್ಟಿತು. ಅವರ ಕಣ್ಣಿನಲ್ಲಿ ಮೊದಲು ಕೋಪ ಬಂತು. ಆಮೇಲೆ ಅವರು ಕೆಳಗೆ, ಆ ತೆರೆದ ಹೊಟ್ಟೆಯೊಳಗೆ ನೋಡಿದರು. ಎಷ್ಟೋ ಹೊತ್ತು ನೋಡಿದರು, ಪರೀಕ್ಷೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುವ ಹುಡುಗನ ಹಾಗೆ. ಬೆರಳಿಂದ ಮೊದಲ ಗಂಟು ಮುಟ್ಟಿದರು. ಎರಡನೆಯದು ಮುಟ್ಟಿದರು. ಮತ್ತೆ ಮೊದಲನೆಯದು ಮುಟ್ಟಿದರು. ಕಣ್ಣಿನಲ್ಲಿ ಈಗ ಕೋಪ ಇರಲಿಲ್ಲ, ಹೆದರಿಕೆ ಇತ್ತು.

"ಸರಿ ಇದೆಯೇನೋ, ನೋಡು," ಎಂದರು ಸೋದರಳಿಯನಿಗೆ.

ಆ ಕೋಣೆಯಲ್ಲಿ ಅವರು ಯಾರನ್ನೂ ಹಾಗೆ ಕೇಳಿದವರಲ್ಲ. ಅವನು ನೋಡಿದ. "ಎಲ್ಲ ಸರಿ ಇದೆ ಸರ್. ಎರಡೂ ಗಂಟು ಭದ್ರ ಇದೆ."

ಸರ್ಜನ್ ಕೈಯಲ್ಲಿದ್ದ ಚಿಮುಟವನ್ನು ತಟ್ಟೆಯ ಮೇಲೆ ಇಟ್ಟರು. ಎಸೆಯಲಿಲ್ಲ, ಮೆಲ್ಲಗೆ ಇಟ್ಟರು. ಮೇಜಿನ ಬಲಗಡೆಯ ತಮ್ಮ ಜಾಗದಿಂದ ಸರಿದು ಸುತ್ತಿ ಬಂದು ಸೋದರಳಿಯನ ಪಕ್ಕ ನಿಂತರು. "ಆ ಕಡೆ ಹೋಗು. ನೀನು ಹೊಲಿ. ಅಂಚು ನಾನು ಹಿಡ್ಕೋತೀನಿ."

"ಮಾವ..."

"ಹೋಗೋ. ಹೆಣ್ಣುಮಗಳು ತೆರೆದ ಹೊಟ್ಟೇಲಿ ಮಲಗಿದ್ದಾಳೆ."

ಅವನು ಹೋದ. ಹೊಲಿದ. ಹಾಡು ಬರಲೇ ಇಲ್ಲ. ಬಾಗಿಲಾಚೆ ಮುದುಕಿ ಎರಡು ಮೂರು ಸಲ ಆಯಾಳನ್ನು ಕೇಳಿದಳಂತೆ, ಆಯಾಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲವಂತೆ. ಟೀಚರ್ ಸುಖವಾಗಿ ಕಣ್ಣು ಬಿಟ್ಟಳು. ಸೋದರಳಿಯ ತಾನೇ ಹೊರಗೆ ಹೋಗಿ ಮುದುಕಿಗೆ ಎಲ್ಲ ಒಳ್ಳೆಯದಾಯಿತು ಎಂದು ಹೇಳಿ ಬಂದ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಸರ್ಜನ್ ಬೆಂಚಿನ ಮೇಲೆ ಕೂತಿದ್ದರು. ತಲೆಯ ಟೋಪಿ ತೆಗೆದಿರಲಿಲ್ಲ. ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತಳು. ತನ್ನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಹೇಳಬೇಕಾದ್ದು ಹೇಗೋ ಹೇಳಿ ಆಯಿತಲ್ಲ. ಇಳಿಯಲಿಲ್ಲ, ಇನ್ನಷ್ಟು ಹೆಚ್ಚಾಯಿತು.

"ಇವತ್ತು ನನ್ನಿಂದ ಏನಾದ್ರೂ ತಪ್ಪಾಗಿತ್ತಾ?" ಎಂದು ಕೇಳಿದರು ಅವರು.

"ಇಲ್ಲ ರೀ. ಎಲ್ಲ ಸರಿಯಾಗೇ ಇತ್ತು."

"ತೊಳೆದಿದ್ದೆ ಅಲ್ವಾ?"

"ತೊಳೆದಿದ್ರಿ."

"ಆದ್ರೂ ಯಾರೂ ಹಾಕಲಿಲ್ಲ."

ಅವರು ತಮ್ಮ ಅಂಗೈಗಳನ್ನು ಮೇಲೆ ಮಾಡಿ ಮಂಡಿಯ ಮೇಲೆ ಇಟ್ಟುಕೊಂಡಿದ್ದರು. ಗ್ಲೌಸಿನ ಬಿಳಿ ಪುಡಿ ಇನ್ನೂ ಬೆರಳ ಸಂದಿಯಲ್ಲಿತ್ತು. "ನನಗೂ ಗೊತ್ತಾಗ್ತಿತ್ತು ಕಣೇ," ಎಂದರು. "ಏನೋ ಜಾರ್ತಿದೆ ಅಂತ. ಆದ್ರೆ ನೀನು ಪಕ್ಕದಲ್ಲಿದ್ದೀಯ, ಮಿತಿ ಮೀರಿದ್ರೆ ನೀನು ಹೇಳ್ತೀಯ ಅಂತ ಧೈರ್ಯ. ನೀನು ಹೇಳಿಲ್ಲ ಅಂದ್ರೆ ಇನ್ನೂ ಪರವಾಗಿಲ್ಲ ಅಂದ್ಕೊಂಡೆ."

ಅವರು ಹಾಡು ಎಂದಾಗ ಅವಳು ನಂಬಿದಂತೆಯೇ, ಅವಳು ಸುಮ್ಮನಿದ್ದಾಗ ಅವರು ನಂಬಿದ್ದರು.

"ಮನೇಲೇ ಹೇಳಬಹುದಿತ್ತು ನೀನು," ಎಂದರು ಅವರು. ದನಿಯಲ್ಲಿ ಜಗಳ ಇರಲಿಲ್ಲ. "ಅಷ್ಟು ಜನರ ಮುಂದೆ ನಿಲ್ಲಿಸೋ ಬದಲು."

"ಹೇಳಬೇಕಿತ್ತು," ಎಂದಳು. ಸುಸ್ತಾಗಿತ್ತು, ಹೆದರಿಕೆಯಾಗಿತ್ತು, ನಿಮ್ಮ ಮನಸ್ಸು ನೋಯಿಸಲು ಇಷ್ಟವಿರಲಿಲ್ಲ, ಹೀಗೆ ಹೇಳಿಕೊಳ್ಳಲು ಬೇಕಾದಷ್ಟಿತ್ತು. ಒಂದನ್ನೂ ಹೇಳಲಿಲ್ಲ. "ತಪ್ಪಾಯ್ತು ರೀ."

ಬಾಗಿಲ ಮೇಲೆ ಮೆಲ್ಲಗೆ ಬೆರಳು ಬಡಿದ ಸದ್ದಾಯಿತು. ಕಿರಿ ಸಿಸ್ಟರ್. ಮುಂದಿನ ರೋಗಿಯನ್ನು ಮೇಜಿನ ಮೇಲೆ ತಂದಾಗಿದೆ, ಹರ್ನಿಯಾ ಕೇಸು. ಯಾರನ್ನು ಕರೆಯಬೇಕೆಂದು ತಿಳಿಯದೆ ಅವಳು ಇಬ್ಬರ ಮುಖವನ್ನೂ ನೋಡಿದಳು.

"ನೀನು ಹೋಗು," ಎಂದರು ಅವರು ಹೆಂಡತಿಗೆ. "ಹುಡುಗ ಕಾಯ್ತಿರ್ತಾನೆ."

ಅವಳು ಬೆಂಚಿಗೆ ಕೈ ಊರಿ ಎದ್ದಳು. ಬಾಗಿಲ ತನಕ ಹೋಗಿ, ಅಭ್ಯಾಸಬಲದಿಂದ, ಹಿಂದೆ ಅವರು ಬರುತ್ತಿದ್ದಾರೆಂದು ಬಾಗಿಲನ್ನು ಹಿಡಿದುಕೊಂಡು ನಿಂತಳು. ಅವರು ಕೂತೇ ಇದ್ದರು. ಅವಳು ಕೈ ಬಿಟ್ಟು ಥಿಯೇಟರಿನೊಳಗೆ ನಡೆದಳು.